ಈ ಗ್ರಾಫಿನಲ್ಲಿ ನಮ್ಮೂರು ಎಲ್ಲಿದೆ?

ಪರೀಕ್ಷೆ ಮುಗಿಸಿ ಭಟ್ಕಳದಿಂದ ಹೊನ್ನಾವರದ ಮನೆಗೆ ಬಂದ ಮರುದಿನವೇ ದೊಡ್ಡಪ್ಪನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಅಕ್ಕ ಎಂಬಿಬಿಎಸ್ ಮುಗಿಸಿ ಒಂದು ಸಣ್ಣ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದಾಳೆ, ಜೊತೆಗೆ ನೀಟ್ ಪಿಜಿಗೆ ಓದುತ್ತಿದ್ದಾಳೆ. ಮುಂದಿನ ವಾರ ಅಲ್ಲಿನ ನರ್ಸ್‌ಗಳಿಗೂ ಇಬ್ಬರು ಡಾಕ್ಟರುಗಳಿಗೂ ಇಪ್ಪತ್ತು ನಿಮಿಷ ಮಾತಾಡಬೇಕಿತ್ತಂತೆ. ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾದ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವುದು ಅವಳ ವಿಷಯ. ವೈದ್ಯರಿಗಾಗಿ ಬರೆದ ರಿವ್ಯೂ ಲೇಖನದಿಂದ ಒಂದು ಗ್ರಾಫ್ ತೆಗೆದಿಟ್ಟಿದ್ದಳು. ನಡುವೆ ಒಂದು ಉದ್ದ ಗೆರೆ, ಅದರ ಆಚೀಚೆ ಅಡ್ಡಗೆರೆಗಳು, ಗೆರೆಗಳ ಮೇಲೆ ಚೌಕಗಳು, ಕೆಳಗೊಂದು ವಜ್ರದ ಆಕಾರ.

‘ನೀನು ಇಂಜಿನಿಯರಿಂಗ್ ಅಲ್ವನಾ? ಇದನ್ನು ಸ್ವಲ್ಪ ಚೆಂದ ಮಾಡಿ ಕೊಡು’ ಎಂದಳು.

ಮಾಡಿಕೊಟ್ಟೆ. ಅಡ್ಡಗೆರೆಗಳು ಗಲೀಜಾಗಿ ಕಂಡವು, ತೆಗೆದೆ. ಚೌಕಗಳ ಜಾಗದಲ್ಲಿ ಬಣ್ಣದ ಕಂಬಗಳನ್ನು ನಿಲ್ಲಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಶಿಶು ಮರಣ ಶೇ 16ರಷ್ಟು ಇಳಿಕೆ’ ಎಂದು ಬರೆದೆ. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಅಕ್ಕ ನೋಡಿದವಳೇ ತಲೆ ಮೇಲೆ ಕೈ ಇಟ್ಟುಕೊಂಡಳು. ‘ಎಂತ ಮಾರಾಯ, ನನಗೆ ಬೇಕಾದದ್ದನ್ನೇ ಅಳಿಸಿಟ್ಟಿದ್ದೀಯಲ್ಲ!’

ಎರಡು ವರ್ಷ ಬಿಇ ಓದಿದ ನನಗೆ ಒಂದು ಗ್ರಾಫ್ ಓದಲು ಬರುವುದಿಲ್ಲ ಎಂದು ಗೊತ್ತಾಗಿದ್ದು ಹೀಗೆ. ಆ ರಾತ್ರಿ ಊಟದ ನಂತರ ಜಗಲಿಯಲ್ಲಿ ಕೂತು ಅವಳು ಹೇಳಿಕೊಟ್ಟದ್ದನ್ನೂ, ಆಮೇಲೆ ನಾನೇ ಹುಡುಕಿ ಓದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ವೈದ್ಯಕೀಯ ಓದುವವರಿಗಷ್ಟೇ ಸಂಬಂಧಪಟ್ಟ ವಿಷಯ ಇದಲ್ಲ ಎಂಬುದು ನನ್ನ ಅಭಿಪ್ರಾಯ. ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಹುಟ್ಟಿದವರಿಗಂತೂ ಖಂಡಿತ ಅಲ್ಲ.

ಆ ಗ್ರಾಫಿನ ಹೆಸರು ಫಾರೆಸ್ಟ್ ಪ್ಲಾಟ್. ಒಂದೇ ಔಷಧವನ್ನು ಬೇರೆ ಬೇರೆ ಕಡೆ ಪರೀಕ್ಷಿಸಿದ ಪ್ರಯೋಗಗಳನ್ನೆಲ್ಲ ಅದು ಒಂದರ ಕೆಳಗೊಂದು ಇಟ್ಟು ತೋರಿಸುತ್ತದೆ. ಒಂದು ಪ್ರಯೋಗಕ್ಕೆ ಒಂದು ಅಡ್ಡಗೆರೆ. ಗೆರೆಯ ಮೇಲಿನ ಚೌಕ ಆ ಪ್ರಯೋಗ ಕಂಡ ಫಲಿತಾಂಶ. ಪ್ರಯೋಗದ ತೂಕ ಹೆಚ್ಚಿದಷ್ಟೂ ಚೌಕ ದೊಡ್ಡದು. ನಡುವಿನ ಉದ್ದಗೆರೆ 1 ಎಂಬ ಅಂಕಿಯ ಮೇಲೆ ನಿಂತಿರುತ್ತದೆ; ಔಷಧ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ ಎಂದು ಅದರ ಅರ್ಥ. ಸಾವಿನ ಲೆಕ್ಕದ ಗ್ರಾಫಾದರೆ ಸಾಮಾನ್ಯವಾಗಿ ಎಡಕ್ಕೆ ಬಿದ್ದದ್ದು ಒಳ್ಳೆಯದು, ಬಲಕ್ಕೆ ಬಿದ್ದದ್ದು ಕೆಟ್ಟದ್ದು. ಕೆಳಗಿನ ವಜ್ರ ಎಲ್ಲವನ್ನೂ ಕೂಡಿಸಿದ ಉತ್ತರ. ಇನ್ನೊಂದು ವಿಷಯ, ಇದನ್ನು ನಾನು ಹೇಳದೆಯೇ ಗಮನಿಸಬೇಕಿತ್ತು: ಕೆಳಗಿನ ಅಕ್ಷ ಲಾಗ್ ಸ್ಕೇಲ್. 0.5 ಮತ್ತು 2 ಎರಡೂ 1ರಿಂದ ಸಮದೂರ. ಬೋಡೆ ಪ್ಲಾಟ್ ಬಿಡಿಸಿ ಬಿಡಿಸಿ ಕೈ ನೋಯಿಸಿಕೊಂಡ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ನಾನು. ಆದರೂ ಕಣ್ಣಿಗೆ ಬೀಳಲಿಲ್ಲ.

ಇನ್ನು ನಾನು ಅಳಿಸಿಹಾಕಿದ ಅಡ್ಡಗೆರೆಯ ಉದ್ದ. ಅದು ಕಾನ್ಫಿಡೆನ್ಸ್ ಇಂಟರ್ವಲ್. ಚೌಕ ಇರುವುದು ಇಲ್ಲಿ, ಆದರೆ ನಿಜವಾದ ಉತ್ತರ ಈ ತುದಿಯಿಂದ ಆ ತುದಿಯವರೆಗೆ ಎಲ್ಲಾದರೂ ಇರಬಹುದು ಎಂದು ಪ್ರಯೋಗ ಮಾಡಿದವರು ಒಪ್ಪಿಕೊಳ್ಳುವ ಗೆರೆ ಅದು. ಗೆರೆ ಗಿಡ್ಡವಿದ್ದಷ್ಟೂ ಖಾತ್ರಿ ಹೆಚ್ಚು. ಉದ್ದವಿದ್ದು ನಡುಗೆರೆಯನ್ನೂ ದಾಟಿತೋ, ಏನನ್ನೂ ಖಚಿತವಾಗಿ ಹೇಳಲಾಗದು.

ನನ್ನ ಮುಖ ನೋಡಿ ಅಕ್ಕ ನಮ್ಮೂರಿನದೇ ಉದಾಹರಣೆ ಕೊಟ್ಟಳು: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ ಈ ರೋಗ ಹೊನ್ನಾವರ, ಸಿದ್ದಾಪುರ ಕಡೆಯ ಕಾಡಂಚಿನ ಮನೆಗಳಿಗೆ ಹೊಸದಲ್ಲ. ಲಸಿಕೆ ಇತ್ತು, ಚುಚ್ಚಿದ ಜಾಗ ನೋಯುತ್ತದೆಂದು ಎರಡನೇ ಡೋಸಿಗೆ ತಪ್ಪಿಸಿಕೊಳ್ಳುವವರೂ ಇದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಡೋಸ್ ಪಡೆದವರಿಗೆ ಶೇ 79.3, ಎರಡು ಡೋಸ್ ಪಡೆದವರಿಗೆ ಶೇ 93.5 ರಕ್ಷಣೆ. ಕೇಳಲು ಎಷ್ಟು ಹಿತ! ಆದರೆ 2005ರಿಂದ 2010ರವರೆಗಿನ ಕರ್ನಾಟಕದ ಅಂಕಿಅಂಶ ಹಿಡಿದು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಬೇರೆಯದೇ ಹೇಳಿತು. ಎರಡು ಡೋಸಿಗೆ ಶೇ 62.4, ಬೂಸ್ಟರ್ ಕೂಡ ಪಡೆದವರಿಗೆ ಶೇ 82.9. ಒಂದೇ ಡೋಸಿಗೆ ನಿಂತವರಿಗೆ ಪ್ರಯೋಜನವೇ ಕಾಣಲಿಲ್ಲ.

ಈಗ ಗೆರೆಯ ಉದ್ದ ನೋಡಿ. ಆ 62.4ರ ಗೆರೆ ಸುಮಾರು 26ರಿಂದ 81ರವರೆಗೆ ಚಾಚಿಕೊಂಡಿದೆ. ಅಂದರೆ ಲಸಿಕೆ ನಾಲ್ಕರಲ್ಲಿ ಒಬ್ಬರನ್ನು ಕಾಪಾಡುತ್ತಿದ್ದಿರಬಹುದು, ಐವರಲ್ಲಿ ನಾಲ್ವರನ್ನೂ ಕಾಪಾಡುತ್ತಿದ್ದಿರಬಹುದು. ಬೂಸ್ಟರ್‌ನ ಗೆರೆ ಗಿಡ್ಡ, ಸುಮಾರು 71ರಿಂದ 90. ‘62’ ಎಂದು ಮಾತ್ರ ಬರೆದ ಕಂಬದಲ್ಲಿ ಇದ್ಯಾವುದೂ ಇರುವುದಿಲ್ಲ. 2022ರಲ್ಲಿ ಆ ಲಸಿಕೆಯನ್ನೇ ಕೊಡುವುದು ನಿಂತಿತು. ಹೊಸ ಲಸಿಕೆ ಬಂದಾಗ ಪತ್ರಿಕೆಗಳಲ್ಲಿ ಮತ್ತೆ ಒಂದು ಶೇಕಡಾವಾರು ಅಂಕಿ ದಪ್ಪಕ್ಷರದಲ್ಲಿ ಬರುತ್ತದೆ. ಆಗ ಗೆರೆ ಎಷ್ಟುದ್ದ ಎಂದು ಕೇಳುವವರು ನಮ್ಮಲ್ಲಿ ನಾಲ್ಕು ಜನರಾದರೂ ಇರಬೇಕಲ್ಲವೇ?

ಮತ್ತೆ ಸ್ಟೆರಾಯ್ಡ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ನಿದ್ದೆ ಕೆಡಿಸಿದ್ದು ಅದು.

ದಿನ ತುಂಬದೆ ಹುಟ್ಟುವ ಮಗುವಿನ ಶ್ವಾಸಕೋಶ ಬಲಿತಿರುವುದಿಲ್ಲ. ಹೆರಿಗೆಗೆ ಮೊದಲೇ ತಾಯಿಗೆ ಸ್ಟೆರಾಯ್ಡ್ ಕೊಟ್ಟರೆ ಅದು ಬೇಗ ಬಲಿಯುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯ ಕುರಿಮರಿಗಳಲ್ಲಿ ಇದನ್ನು ಗಮನಿಸಿ, ಹೋವಿ ಎಂಬವರ ಜೊತೆ ಮನುಷ್ಯರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಆಮೇಲೆ ಹಲವು ಪ್ರಯೋಗಗಳಾದವು. ಪ್ರತಿಯೊಂದೂ ಸಣ್ಣದು, ಹಲವುಗಳ ಗೆರೆ ನಡುಗೆರೆಯನ್ನು ಮುಟ್ಟುತ್ತಿತ್ತು. ಬಿಡಿಬಿಡಿಯಾಗಿ ನೋಡಿದ ವೈದ್ಯರು ‘ಏನೂ ಗೊತ್ತಾಗುತ್ತಿಲ್ಲ’ ಎಂದು ಬಿಟ್ಟರು. ಎಲ್ಲವನ್ನೂ ಒಟ್ಟಿಗೆ ಇಟ್ಟ ವ್ಯವಸ್ಥಿತ ರಿವ್ಯೂ ಪ್ರಕಟವಾಗಲು 1989 ಬರಬೇಕಾಯಿತು. ಕೂಡಿಸಿ ನೋಡಿದರೆ ವಜ್ರ ಸ್ಪಷ್ಟವಾಗಿ ಎಡಕ್ಕೆ ಕೂತಿತ್ತು. ಆ ಹದಿನೇಳು ವರ್ಷಗಳಲ್ಲಿ ಬದುಕಬಹುದಾಗಿದ್ದ ಮಕ್ಕಳು ಸತ್ತಿದ್ದಾರೆ. 1993ರಲ್ಲಿ ಹುಟ್ಟಿದ ಕೊಕ್ರೇನ್ ಎಂಬ ಸಂಸ್ಥೆಯ ಕೆಲಸವೇ ಇಂಥ ರಿವ್ಯೂ ಮಾಡುವುದು. ಅದರ ಲಾಂಛನದಲ್ಲಿರುವ ಅಡ್ಡಗೆರೆಗಳು ಮತ್ತು ಒಂದು ವಜ್ರ ಇದೇ ಸ್ಟೆರಾಯ್ಡ್ ಪ್ರಯೋಗಗಳದ್ದು. ಒಂದು ಗ್ರಾಫನ್ನೇ ಲಾಂಛನ ಮಾಡಿಕೊಂಡ ಸಂಸ್ಥೆ ಬೇರೆ ಯಾವುದೂ ನನಗೆ ಗೊತ್ತಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಸುಲಭವಿತ್ತು. ಔಷಧ ಅಗ್ಗ, ಗ್ರಾಫ್ ಸ್ಪಷ್ಟ, ಎಲ್ಲರಿಗೂ ಕೊಡಿ ಎನ್ನಬಹುದಿತ್ತು. ಆದರೆ ಆ ಹಳೆಯ ಗೆರೆಗಳೆಲ್ಲ ಹೆಚ್ಚಾಗಿ ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳವು. ನಮ್ಮಂಥ ಕಡೆ ಹೇಗೆ ಎಂದು ತಿಳಿಯಲು ಆರು ದೇಶಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಹೆಸರು ಆ್ಯಕ್ಟ್. 2011ರಿಂದ 2014ರವರೆಗೆ, ಒಂದು ಲಕ್ಷಕ್ಕೆ ಹತ್ತಿರದಷ್ಟು ಜನನಗಳು. ಭಾರತದಲ್ಲಿ ಅದು ನಡೆದ ಜಾಗಗಳು ನಾಗಪುರ ಮತ್ತು ನಮ್ಮದೇ ಬೆಳಗಾವಿ. ನಮಗೆ ಬೆಳಗಾವಿ ಎಂದರೆ ವಿಟಿಯು ಫಲಿತಾಂಶ ಬರುವ ಊರು. ಜಗತ್ತಿನ ಹೆರಿಗೆ ತಜ್ಞರಿಗೆ ಅದು ಬೇರೆ ಕಾರಣಕ್ಕೆ ಪರಿಚಿತ ಎಂದು ಆವತ್ತೇ ತಿಳಿದದ್ದು.

ಆ ಪ್ರಯೋಗದಲ್ಲಿ ಹಳ್ಳಿಯ ಮಟ್ಟದಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲ ಹಂತದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಸ್ಟೆರಾಯ್ಡ್ ಕೊಡಿಸಿದರು. ದಿನಗಳ ಲೆಕ್ಕ ಗೊತ್ತಿಲ್ಲದಿದ್ದರೆ ಬಣ್ಣದ ಪಟ್ಟಿಯ ಟೇಪಿನಿಂದ ಹೊಟ್ಟೆಯ ಎತ್ತರ ಅಳೆದು ಅಂದಾಜು ಮಾಡುತ್ತಿದ್ದರು. ಫಲಿತಾಂಶ ಎಲ್ಲರನ್ನೂ ದಂಗುಬಡಿಸಿತು. ತೀರಾ ಸಣ್ಣ ಮಕ್ಕಳ ಸಾವು ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಸಾವಿರಕ್ಕೆ 232 ಇದ್ದದ್ದು 225. ಒಟ್ಟಾರೆ ಮಕ್ಕಳನ್ನು ತೆಗೆದುಕೊಂಡರೆ ಸಾವು ಹೆಚ್ಚೇ ಆಗಿತ್ತು. ಸ್ಟೆರಾಯ್ಡ್ ಕೊಡಿಸದ ಪ್ರದೇಶಗಳಲ್ಲಿ ಸಾವಿರಕ್ಕೆ 23.9, ಕೊಡಿಸಿದ ಕಡೆ 27.4. ಗ್ರಾಫಿನಲ್ಲಿ ಚೌಕ 1.12ರ ಮೇಲೆ, ಗೆರೆ 1.02ರಿಂದ 1.22ರವರೆಗೆ. ಗೆರೆ ಪೂರ್ತಿ ಬಲಗಡೆ. ಸ್ಟೆರಾಯ್ಡ್ ಪಡೆದ ತಾಯಂದಿರಲ್ಲಿ ಬಹುಪಾಲು ಜನರಿಗೆ ಹುಟ್ಟಿದ್ದು ತೀರಾ ಸಣ್ಣ ಮಕ್ಕಳೇ ಅಲ್ಲ. ಅಂದರೆ ಬೇಡದವರಿಗೆ ಔಷಧ ಹೋಗಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು.

ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಪ್ರಯೋಗ ಮಾಡಿಸಿತು, ಆ್ಯಕ್ಷನ್. ಫಲಿತಾಂಶ ಬಂದದ್ದು 2020ರಲ್ಲಿ. ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳು, 2852 ತಾಯಂದಿರು. ಇದರಲ್ಲೂ ಬೆಳಗಾವಿ ಇತ್ತು, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು. ಈ ಸಲ ಸ್ಕ್ಯಾನ್ ಮಾಡಿ ವಾರ ಲೆಕ್ಕ ಹಾಕಿದ್ದರು. ಹೆರಿಗೆ ಹತ್ತಿರವಿದೆ ಎಂದು ಖಚಿತವಾದವರಿಗೇ ಕೊಟ್ಟರು. ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಅದೇ ಆಸ್ಪತ್ರೆಯಲ್ಲಿತ್ತು. ಸ್ಟೆರಾಯ್ಡ್ ಇಲ್ಲದೆ ನೂರಕ್ಕೆ 23.5 ಮಕ್ಕಳು ಸತ್ತರೆ, ಕೊಟ್ಟಾಗ 19.6. ಚೌಕ 0.84ರ ಮೇಲೆ, ಗೆರೆ 0.72ರಿಂದ 0.97. ಪೂರ್ತಿ ಎಡಗಡೆ. ಲಾಭ ಇಷ್ಟು ಸ್ಪಷ್ಟವಾದ ಮೇಲೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ನಾನು ದಪ್ಪಕ್ಷರದಲ್ಲಿ ಬರೆದ ‘ಶೇ 16 ಇಳಿಕೆ’ ಇದೇ.

ಒಂದೇ ಔಷಧ. ಎರಡು ಗೆರೆಗಳಲ್ಲೂ ಬೆಳಗಾವಿ ಇದೆ. ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ.

ಇವೆರಡನ್ನೂ ಕೂಡಿಸಿ ಒಂದು ವಜ್ರ ಬಿಡಿಸಿದರೆ ಏನಾಗುತ್ತದೆ? ವಜ್ರ ನಡುವೆಲ್ಲೋ ಬಂದು ಕೂರುತ್ತದೆ; ಹಳ್ಳಿಯ ಉಪಕೇಂದ್ರಕ್ಕೂ ಅದು ನಿಜವಲ್ಲ, ದೊಡ್ಡ ಆಸ್ಪತ್ರೆಗೂ ನಿಜವಲ್ಲ. ಸರಾಸರಿ ಎರಡೂವರೆ ಅಡಿ ಆಳದ ಹೊಳೆಯಲ್ಲಿ ಮುಳುಗಿದವನ ಕಥೆ ಶರಾವತಿ ದಂಡೆಯವರಿಗೆ ಹೇಳಬೇಕಾಗಿಲ್ಲ.

ಶೇಕಡಾವಾರಿನ ಆಟವನ್ನೂ ಇಲ್ಲೇ ನೋಡಬಹುದು. ‘ಶೇ 16 ಇಳಿಕೆ’, ‘ಶೇ 12 ಏರಿಕೆ’ ಎಂದರೆ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದವು ಅನ್ನಿಸುತ್ತದೆ. ಗ್ರಾಫಿನಲ್ಲಿ ನಡುಗೆರೆಯಿಂದ ಇರುವ ದೂರದಲ್ಲೂ ಅಂಥ ವ್ಯತ್ಯಾಸವಿಲ್ಲ. ತಲೆ ಎಣಿಸಿದರೆ ಬೇರೆ. ಆ್ಯಕ್ಷನ್‌ನಲ್ಲಿ ದಿನ ತುಂಬದ ಸಾವಿರ ಮಕ್ಕಳಿಗೆ 39 ಜೀವ ಉಳಿಯಿತು, ಅಂದರೆ ಇಪ್ಪತ್ತೈದು ತಾಯಂದಿರಿಗೆ ಕೊಟ್ಟರೆ ಹೆಚ್ಚುಕಡಿಮೆ ಒಂದು ಮಗು. ಆ್ಯಕ್ಟ್‌ನಲ್ಲಿ ಹೆಚ್ಚಿದ್ದು ಸಾವಿರಕ್ಕೆ ಮೂರೂವರೆ, ಆದರೆ ಅದು ಊರಿನ ಎಲ್ಲ ಹೆರಿಗೆಗಳ ಸಾವಿರ. ಯಾವ ಸಾವಿರ ಎಂದು ಕೇಳದೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವಂತಿಲ್ಲ. ನನ್ನ ಬಣ್ಣದ ಕಂಬಗಳು ಮಾಡಿದ್ದು ಅದನ್ನೇ.

ಇದನ್ನು ಓದಿ ಯಾರೂ ಸ್ಟೆರಾಯ್ಡ್ ಬೇಡ ಎಂದು ಹಟ ಮಾಡಬಾರದು. ಅಕ್ಕ ಇದನ್ನು ಬರೆಯಲೇಬೇಕು ಎಂದಿದ್ದಾಳೆ. ಸರಿಯಾದವರಿಗೆ ಸರಿಯಾದ ಜಾಗದಲ್ಲಿ ಕೊಟ್ಟರೆ ಅದು ಜೀವ ಉಳಿಸುವ ಔಷಧ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಮತ್ತೆ 2022ರಲ್ಲಿ ಕೊಟ್ಟ ಶಿಫಾರಸು ಕೂಡ ಕೊಡಿ ಎಂದೇ ಹೇಳುತ್ತದೆ. ಜೊತೆಗೆ ಷರತ್ತುಗಳಿವೆ. ಎಷ್ಟು ವಾರ ಎಂಬುದು ಸರಿಯಾಗಿ ಗೊತ್ತಿರಬೇಕು. ತಾಯಿಗೆ ಸೋಂಕು ಇರಬಾರದು. ಹೆರಿಗೆ ಮಾಡಿಸಲು, ದಿನ ತುಂಬದ ಮಗುವನ್ನು ನೋಡಿಕೊಳ್ಳಲು ವ್ಯವಸ್ಥೆ ಇರಬೇಕು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಉಪಕೇಂದ್ರದ ಆರೋಗ್ಯ ಸಹಾಯಕಿಯೂ ಮೊದಲ ಡೋಸ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬಹುದು ಎನ್ನುತ್ತದೆ. ಕೊಟ್ಟು ಕಳಿಸಬಹುದು, ಸರಿ. ಎಲ್ಲಿಗೆ ಕಳಿಸುವುದು?

ನಮ್ಮ ಮೂರು ತಾಲ್ಲೂಕುಗಳ ಪ್ರಶ್ನೆ ಇದೇ. ಕುಮಟಾದಿಂದ ದಕ್ಷಿಣಕ್ಕೆ ಮಣಿಪಾಲ ನೂರ ನಲವತ್ತು ಕಿಲೋಮೀಟರ್ ಆಚೀಚೆ. ಉತ್ತರಕ್ಕೆ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಆದರೆ ಮಗುವಿನ ಸ್ಥಿತಿ ಗಂಭೀರ ಎಂದರೆ ನಮ್ಮ ಮನೆಗಳಲ್ಲಿ ಮೊದಲು ಬಾಯಿಗೆ ಬರುವುದು ಮಣಿಪಾಲ, ಮಂಗಳೂರು. ಈ ದಾರಿಯಲ್ಲಿ ಶಿರೂರು ಎಂಬ ಹೆಸರಿನ ಎರಡು ಊರುಗಳಿವೆ. ಬೈಂದೂರು ಕಡೆಯ ಶಿರೂರಿನ ಟೋಲ್ ಗೇಟಿನಲ್ಲಿ 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಉರುಳಿ ನಾಲ್ವರು ಸತ್ತರು. ಅಂಕೋಲಾ ಕಡೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡವೇ ಹೆದ್ದಾರಿಗೆ ಕುಸಿದು ಕಾರವಾರದ ದಾರಿ ಮುಚ್ಚಿತು. ಎರಡೂ ಮಳೆಗಾಲದಲ್ಲೇ.

2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ನಮ್ಮ ವಯಸ್ಸಿನವರೇ ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನ ಮಾಡಿದರು. ಆಗ ನಾನು ಹೈಸ್ಕೂಲ್. ನಾನೂ ಅಣ್ಣನ ಫೋನಿನಿಂದ ನಾಲ್ಕು ಪೋಸ್ಟ್ ಹಾಕಿದ್ದೆ. ಈಗ ಆ ಪೋಸ್ಟುಗಳನ್ನು ನೆನೆದರೆ ಸಿಟ್ಟು ಇದೆ, ಕಣ್ಣೀರು ಇದೆ, ಅಂಕಿ ಇಲ್ಲ. ಸಿಟ್ಟು ತಪ್ಪು ಎನ್ನುತ್ತಿಲ್ಲ. ಆದರೆ ನಮ್ಮ ಬೇಡಿಕೆಗೆ ಬೇಕಾದ ಗಟ್ಟಿ ಆಧಾರ ವೈದ್ಯರು ಓದುವ ಪತ್ರಿಕೆಗಳಲ್ಲಿ, ಎರಡು ಅಡ್ಡಗೆರೆಗಳ ರೂಪದಲ್ಲಿ ಇದೆ: ಔಷಧದ ಬಾಟಲಿ ಒಂದೇ ಇದ್ದರೂ ಅದರ ಸುತ್ತ ಸ್ಕ್ಯಾನ್, ನರ್ಸ್, ಎನ್‌ಐಸಿಯು ಇದೆಯೋ ಇಲ್ಲವೋ ಎಂಬುದರ ಮೇಲೆ ಫಲಿತಾಂಶ ಗೆರೆಯ ಈ ಕಡೆಗೋ ಆ ಕಡೆಗೋ ಬೀಳಬಹುದು. ‘ಇಂಜೆಕ್ಷನ್ ಸ್ಟಾಕ್ ಇದೆ’ ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಅದು ಅರ್ಧ ಉತ್ತರ ಮಾತ್ರ ಎಂದು ಹೇಳಲು ನಮಗೆ ಬರಬೇಕು.

ರಿವ್ಯೂ ಬರೆಯುವವರ ಮೇಲೂ ನನ್ನ ದೂರಿದೆ. ಗ್ರಾಫಿನ ಎಡ ಅಂಚಿನಲ್ಲಿ ಪ್ರಯೋಗ ಮಾಡಿದವರ ಹೆಸರು, ಇಸವಿ ಇರುತ್ತದೆ. ಯಾವ ದೇಶ, ಎಂಥ ಆಸ್ಪತ್ರೆ ಎಂಬುದು ಎಷ್ಟೋ ಸಲ ಬೇರೆಲ್ಲೋ ಪಟ್ಟಿಯಲ್ಲಿ ಹುದುಗಿರುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಡಾಕ್ಟರ್ ಅದನ್ನು ಹುಡುಕಿ ಓದುತ್ತಾರೆಯೇ? ಅಕ್ಕ ನಕ್ಕಳು. ‘ವಜ್ರ ಎಡಕ್ಕಿದ್ಯಾ ನೋಡೋದು, ಮುಂದಿನ ಪುಟ ತಿರುಗಿಸೋದು. ಎಲ್ಲರೂ ಅಷ್ಟೇ, ನಾನೂ ಅಷ್ಟೇ.’ ‘ಎಲ್ಲಿ’ ಎನ್ನುವ ಒಂದು ಕಾಲಂ ಸೇರಿಸುವುದಕ್ಕೆ, ‘ಸಾವಿರಕ್ಕೆ ಎಷ್ಟು’ ಎಂದು ಪಕ್ಕದಲ್ಲೇ ಬರೆಯುವುದಕ್ಕೆ ಖರ್ಚೇನಿಲ್ಲ.

ನಮ್ಮ ಓದಿನ ಬಗ್ಗೆಯೂ ಹೇಳಬೇಕು. ಗಣಿತದ ಪತ್ರಿಕೆಯಲ್ಲಿ ಕಾನ್ಫಿಡೆನ್ಸ್ ಲಿಮಿಟ್ಸ್ ಲೆಕ್ಕ ಮಾಡಿದ್ದೇನೆ, ಅಂಕವೂ ಬಂದಿದೆ. ನಾಣ್ಯ ಸಾವಿರ ಸಲ ಚಿಮ್ಮಿದರೆ ಎಷ್ಟು ಹೆಡ್ ಎಂಬಂಥ ಲೆಕ್ಕ. ನಾಣ್ಯದ ಜಾಗದಲ್ಲಿ ಒಂದು ಮಗು ಇರಬಹುದು ಎಂದು ಯಾವ ಮೇಷ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಸೀನಿಯರ್‌ಗಳಲ್ಲಿ ಕೆಲವರು ಬೆಂಗಳೂರಿನಲ್ಲಿ ಡೇಟಾ ಕೆಲಸಕ್ಕೆ ಸೇರಿ ದಿನವಿಡೀ ಡ್ಯಾಶ್‌ಬೋರ್ಡ್ ಮಾಡುತ್ತಾರೆ. ಇಂಟರ್‌ವ್ಯೂನಲ್ಲಿ ಪೈಥಾನ್ ಕೇಳುತ್ತಾರಂತೆ. ‘ಈ ಗೆರೆ ಯಾಕಿಷ್ಟು ಉದ್ದವಿದೆ’ ಎಂದು ಕೇಳಿದ್ದನ್ನು ಯಾರೂ ಹೇಳಿಲ್ಲ. ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು: ಕೊಕ್ರೇನ್ ರಿವ್ಯೂಗಳ ಸಾರಾಂಶ ಉಚಿತವಾಗಿ ಸಿಗುತ್ತದೆ. ವಾರಕ್ಕೊಂದು ಓದಿ ನೋಡಿ. ಇಂಗ್ಲಿಷಿಗೂ ಒಳ್ಳೆಯದು, ಲೆಕ್ಕಕ್ಕೂ ಒಳ್ಳೆಯದು.

ಅಕ್ಕನ ಸ್ಲೈಡನ್ನು ಕೊನೆಗೆ ಮತ್ತೆ ಮಾಡಿದೆ. ಅಡ್ಡಗೆರೆಗಳು ವಾಪಸ್ ಬಂದವು, ಲಾಗ್ ಅಕ್ಷವೂ. ಎರಡು ಪ್ರಯೋಗಗಳ ಮುಂದೆ ಕನ್ನಡದಲ್ಲೇ ‘ಹಳ್ಳಿಯಿಂದ ಆಸ್ಪತ್ರೆವರೆಗೆ’, ‘ಎನ್‌ಐಸಿಯು ಇರುವ ಆಸ್ಪತ್ರೆ’ ಎಂದು ಬರೆದೆ. ಭಾಷಣ ಮುಗಿದ ಮೇಲೆ ಹಿರಿಯ ನರ್ಸ್ ಒಬ್ಬರು ಕೇಳಿದರಂತೆ: ‘ಮೇಡಂ, ನಮ್ಮದು ಇದರಲ್ಲಿ ಯಾವ ಸಾಲು?’ ಅಕ್ಕನಿಗೆ ಉತ್ತರ ಹೊಳೆಯಲಿಲ್ಲ. ಎರಡರ ನಡುವೆ ಎಲ್ಲೋ ಇದ್ದೇವೆ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದರ ಮೇಲೆ ಹೋಗುತ್ತದೆ ಎಂದಳಂತೆ.

ಎಷ್ಟು ಹೊತ್ತು ಎಂಬುದನ್ನು ಬರೆದಿಟ್ಟವರು ಯಾರೂ ನಮಗೆ ಸಿಗಲಿಲ್ಲ. ಹಾಗಾಗಿ ಕುಮಟಾದ ಒಬ್ಬ, ಭಟ್ಕಳದ ಇಬ್ಬರು ಗೆಳೆಯರು ಮತ್ತು ನಾನು ಈ ರಜೆಯಲ್ಲಿ ಆಂಬುಲೆನ್ಸ್ ಚಾಲಕರನ್ನು ಮಾತಾಡಿಸಿ, ಯಾವ ಊರಿನಿಂದ ಎಲ್ಲಿಗೆ ಎಷ್ಟು ನಿಮಿಷ ಎಂದು ಬರೆದುಕೊಳ್ಳಲು ಶುರು ಮಾಡಿದ್ದೇವೆ. ಮೊದಲ ದಿನ ಮಾತಾಡಿಸಿದ ಚಾಲಕರು ಒಂದು ಅಂಕಿ ಕೊಡಲು ಒಪ್ಪಲಿಲ್ಲ. ‘ಬೇಸಿಗೆಯದು ಬೇರೆ ಬರೆದುಕೊಳ್ಳಿ, ಮಳೆಗಾಲದ್ದು ಬೇರೆ’ ಎಂದರು. ಎರಡು ಕಾಲಂ ಹಾಕಿದ್ದೇವೆ.